ಹಳೇ ಶಿಫ್ಟರ್, ಹೊಸ ಡಿರೇಲರ್: ರೋಡ್ ಸೈಕಲ್‌ಗೆ ಬೇರೆ ಬೇರೆ ಕಾಲದ ಪಾರ್ಟ್ಸ್ ಬೆರೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಹಾಸನದ ಕಡೆ ರೋಡ್ ಸೈಕಲ್ ಓಡಿಸುವವರಿಗೆ ಒಂದು ಕಷ್ಟ ಇದ್ದೇ ಇದೆ. ಸಾಮಾನ್ಯ ಸೈಕಲ್ ಅಂಗಡಿಯಲ್ಲಿ ನಮ್ಮ ಪಾರ್ಟ್ಸ್ ಸಿಗುವುದು ಕಡಿಮೆ. ಬೆಂಗಳೂರಿಂದ ತರಿಸಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಬೇಕು. ಇನ್ನು ಕೆಲವು ಸಲ ಪರಿಚಯದವರು ಸೈಕಲ್ ಅಪ್‌ಗ್ರೇಡ್ ಮಾಡಿ ತೆಗೆದಿಟ್ಟ ಹಳೇ ಸಾಮಾನು ಕಡಿಮೆ ಬೆಲೆಗೆ ಸಿಗುತ್ತದೆ. ತರಿಸಿದ ಮೇಲೆ ಅದು ಹೊಂದಲಿಲ್ಲ ಅಂದರೆ ದುಡ್ಡೂ ಹೋಯಿತು, ಭಾನುವಾರದ ರೈಡೂ ಹೋಯಿತು. ಕೊಳ್ಳುವ ಮೊದಲು ಇದನ್ನು ಓದಿ. ಇಲ್ಲಿನ ಹೆಚ್ಚಿನ ಸೈಕಲ್‌ಗಳಲ್ಲಿ ಶಿಮಾನೊ ಕಂಪನಿಯ ಗೇರ್ ಸಾಮಾನು ಇರುವುದರಿಂದ ಜಾಸ್ತಿ ಮಾತು ಅದರ ಮೇಲೆಯೇ ಇದೆ.

ಹಳೇದು ಹೊಸದು ಬೆರೆಸಬಹುದಾ, ಇಲ್ವಾ?

ಬೆರೆಸಬಹುದು. ಆದರೆ ಮೂರು ಪಾರ್ಟ್ಸ್ ಒಂದಕ್ಕೊಂದು ಒಪ್ಪಲೇಬೇಕು: ಬಲಗೈ ಶಿಫ್ಟರ್ (ಗೇರ್ ಬದಲಿಸುವ ಲಿವರ್), ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ), ಹಿಂದಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ ಗುಂಪು). ಚೈನ್, ಕ್ರ್ಯಾಂಕ್ (ಪೆಡಲ್ ತೋಳು ಮತ್ತು ಮುಂದಿನ ಹಲ್ಲಿನ ರಿಂಗ್‌ಗಳು), ಚಕ್ರ ಇವುಗಳಲ್ಲಿ ಸಾಕಷ್ಟು ಸಡಿಲ ಇದೆ. ಎಷ್ಟೋ ಜನ ಕ್ರ್ಯಾಂಕ್ ಯಾವ ಮಾಡೆಲ್ ಅಂತ ತಲೆ ಕೆಡಿಸಿಕೊಂಡು, ಡಿರೇಲರ್‌ನ ನಂಬರ್ ನೋಡುವುದನ್ನೇ ಬಿಡುತ್ತಾರೆ.

ಆ ಮೂರು ಒಪ್ಪಬೇಕು ಅಂದರೆ ಏನರ್ಥ? ಸ್ಪೀಡ್ ಒಂದೇ ಇದ್ದರೆ ಸಾಲದಾ?

ಸಾಲದು. ಸ್ಪೀಡ್ ಅಂದರೆ ಹಿಂದೆ ಎಷ್ಟು ಸ್ಪ್ರಾಕೆಟ್ ಇವೆ ಅನ್ನುವ ಎಣಿಕೆ ಅಷ್ಟೇ. ಒಳಗೆ ಏನು ನಡೆಯುತ್ತದೆ ಅಂತ ಒಂದು ಸಲ ಗೊತ್ತಾದರೆ ಮುಂದೆ ಯಾರನ್ನೂ ಕೇಳುವ ಅಗತ್ಯ ಇರುವುದಿಲ್ಲ.

ಶಿಫ್ಟರ್ ಒಂದು ಸಲ ಟಕ್ ಅಂದಾಗ ಇಷ್ಟು ಮಿಲಿಮೀಟರ್ ಕೇಬಲ್ ಎಳೆಯುತ್ತದೆ. ಆ ಎಳೆತಕ್ಕೆ ಡಿರೇಲರ್ ಇಂತಿಷ್ಟು ಪಟ್ಟು ಪಕ್ಕಕ್ಕೆ ಸರಿಯುತ್ತದೆ. ಎಳೆತವನ್ನು ಆ ಪಟ್ಟಿನಿಂದ ಗುಣಿಸಿದರೆ ಬರುವ ಸಂಖ್ಯೆ, ಕ್ಯಾಸೆಟ್‌ನಲ್ಲಿ ಒಂದು ಸ್ಪ್ರಾಕೆಟ್‌ನಿಂದ ಪಕ್ಕದ್ದಕ್ಕೆ ಇರುವ ಅಂತರಕ್ಕೆ ಹತ್ತಿರ ಇರಬೇಕು. ಅಷ್ಟೇ ಲೆಕ್ಕ.

ಶಿಮಾನೊ ರೋಡ್ ಪಾರ್ಟ್ಸ್‌ನಲ್ಲಿ ಸುಮಾರು ಹೀಗಿದೆ. 8 ಸ್ಪೀಡ್ ಶಿಫ್ಟರ್ ಟಕ್ಕಿಗೆ 2.8 ಮಿ.ಮೀ. ಎಳೆಯುತ್ತದೆ, ಡಿರೇಲರ್ 1.7 ಪಟ್ಟು ಸರಿಯುತ್ತದೆ. ಗುಣಿಸಿದರೆ 4.76. ಕ್ಯಾಸೆಟ್‌ನ ಅಂತರ 4.8. ಹೊಂದಿತು. 9 ಸ್ಪೀಡ್‌ಗೆ 2.5 ಇಂಟು 1.7, ಅಂದರೆ 4.25; ಅಂತರ 4.35. ಹಳೇ 10 ಸ್ಪೀಡ್‌ಗೆ 2.3 ಇಂಟು 1.7, ಅಂದರೆ 3.91, ಅಂತರ 3.95. ಇಲ್ಲಿಯವರೆಗೂ ಡಿರೇಲರ್‌ನ ಪಟ್ಟು ಬದಲಾಗಿಲ್ಲ ನೋಡಿ. ಅದಕ್ಕೇ 8, 9 ಮತ್ತು ಹಳೇ 10 ಸ್ಪೀಡ್‌ನ ಹಿಂದಿನ ಡಿರೇಲರ್‌ಗಳು ಒಂದರ ಬದಲು ಇನ್ನೊಂದು ಕೆಲಸ ಮಾಡುತ್ತವೆ. ಶಿಫ್ಟರ್ ಮತ್ತು ಕ್ಯಾಸೆಟ್‌ನ ಸ್ಪೀಡ್ ಮಾತ್ರ ಒಂದೇ ಇರಬೇಕು.

2012ರಲ್ಲಿ ಡ್ಯುರಾ-ಏಸ್ 9000 ಅನ್ನುವ ಶಿಮಾನೊ ಸರಣಿ ಜೊತೆ 11 ಸ್ಪೀಡ್ ಬಂತು. ಆಗ ಶಿಮಾನೊ ಪಟ್ಟನ್ನೇ ಬದಲಿಸಿತು. ಟಕ್ಕಿಗೆ 2.7 ಮಿ.ಮೀ. ಎಳೆತ, 1.4 ಪಟ್ಟು. ಹಳೇ ಕುಟುಂಬ, ಹೊಸ ಕುಟುಂಬ ಬೇರೆಯಾದದ್ದು ಇಲ್ಲಿಂದ.

ಹಳೇ 10 ಸ್ಪೀಡ್ ಶಿಫ್ಟರ್‌ಗೆ ಹೊಸ 11 ಸ್ಪೀಡ್ ಡಿರೇಲರ್ ಹಾಕಿದರೆ ಏನಾಗುತ್ತದೆ? 2.3 ಇಂಟು 1.4, ಅಂದರೆ ಟಕ್ಕಿಗೆ 3.22 ಮಿ.ಮೀ. ಮಾತ್ರ. ಬೇಕಾದದ್ದು 3.95. ಒಂಬತ್ತು ಟಕ್ಕಿಗೆ ಒಟ್ಟು ಆರೂವರೆ ಮಿಲಿಮೀಟರ್ ಕೊರತೆ. ಒಂದೂವರೆ ಸ್ಪ್ರಾಕೆಟ್‌ಗಿಂತ ಜಾಸ್ತಿ! ಬ್ಯಾರೆಲ್ ಅಡ್ಜಸ್ಟರ್ (ಕೇಬಲ್‌ನ ಬಿಗಿ ಸರಿಮಾಡುವ ತಿರುಪು) ಎಷ್ಟು ತಿರುಗಿಸಿದರೂ ಇದು ಸರಿಹೋಗದು. ಮಧ್ಯದ ಗೇರ್ ಸರಿ ಮಾಡಿದರೆ ಎರಡೂ ತುದಿ ಕೆಡುತ್ತವೆ. "ಟ್ಯೂನಿಂಗ್ ನಿಲ್ತಾನೇ ಇಲ್ಲ" ಅಂತ ಯಾರಾದರೂ ಗೋಳಾಡಿದರೆ ಮೊದಲು ಈ ಲೆಕ್ಕ ಹಾಕಿ ನೋಡಿ.

ನನ್ನ ಶಿಫ್ಟರ್ ಯಾವ ಕುಟುಂಬದ್ದು ಅಂತ ಹೇಗೆ ತಿಳಿಯುವುದು? ಹೆಸರು ಅಳಿಸಿ ಹೋಗಿದೆ.

ಮೊದಲು ನಂಬರ್ ಹುಡುಕಿ. ಡಿರೇಲರ್‌ನ ಹಿಂಬದಿಯಲ್ಲಿ ಆರ್‌ಡಿ ಅಂತ ಶುರುವಾಗುವ ನಂಬರ್ ಅಚ್ಚಾಗಿರುತ್ತದೆ. ಶಿಫ್ಟರ್ ಲಿವರ್‌ನಲ್ಲಿ ಎಸ್‌ಟಿ, ಕ್ಯಾಸೆಟ್‌ಗೆ ಸಿಎಸ್. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಮಾನ್ಯವಾಗಿ ಕಾಣುತ್ತದೆ.

ಕಾಣದಿದ್ದರೆ ಅಳೆಯಿರಿ. ಶಿಫ್ಟರ್ ಅನ್ನು ಅತಿ ಚಿಕ್ಕ ಸ್ಪ್ರಾಕೆಟ್‌ನ ಸ್ಥಾನಕ್ಕೆ ತನ್ನಿ. ಡಿರೇಲರ್ ಹತ್ತಿರ ಕೇಬಲ್ ಬಿಚ್ಚಿ. ಒಬ್ಬರು ಕೇಬಲ್ ತುದಿಯನ್ನು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಿರಲಿ. ಹೊರಕವಚದಿಂದ ಕೇಬಲ್ ಹೊರಬರುವ ಜಾಗದಿಂದ ಸ್ವಲ್ಪ ದೂರದಲ್ಲಿ ಒಂದು ತುಂಡು ಟೇಪ್ ಅಂಟಿಸಿ, ಕವಚದ ಬಾಯಿಗೂ ಟೇಪಿಗೂ ಇರುವ ದೂರ ಬರೆದಿಡಿ. ಈಗ ದೊಡ್ಡ ಲಿವರ್ ಒತ್ತುತ್ತಾ ಟಕ್ ಟಕ್ ಎಣಿಸಿ, ಕೊನೆವರೆಗೂ ಹೋಗಿ. ಟೇಪ್ ಎಷ್ಟು ಒಳಸರಿಯಿತು ಅಂತ ಮತ್ತೆ ಅಳೆಯಿರಿ.

ಏಳು, ಎಂಟು ಅಥವಾ ಒಂಬತ್ತು ಟಕ್ ಬಂದು ಟೇಪ್ ಸುಮಾರು 20 ಮಿ.ಮೀ. ಸರಿದಿದ್ದರೆ ಅದು ಹಳೇ ಕುಟುಂಬ. ಟಕ್ ಎಣಿಕೆಗೆ ಒಂದು ಸೇರಿಸಿದರೆ ಸ್ಪೀಡ್ ಸಿಕ್ಕಿತು. 25 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಸರಿದಿದ್ದರೆ ಹೊಸ ಕುಟುಂಬ. ಒಂದು ಸ್ಕೇಲ್, ಒಂದು ತುಂಡು ಟೇಪ್ ಸಾಕು. ಸೆಕೆಂಡ್‌ಹ್ಯಾಂಡ್ ಶಿಫ್ಟರ್ ಕೊಳ್ಳುವಾಗ ಮಾರುವವರ ಮನೆಯಲ್ಲೇ ಒಂದು ಹಳೇ ಕೇಬಲ್ ತೂರಿಸಿ ಇದನ್ನು ಮಾಡಿ ನೋಡಬಹುದು.

ಟಿಯಾಗ್ರಾ 10 ಸ್ಪೀಡ್ ಅಂದರೆ ಎಲ್ಲವೂ ಒಂದೇ ಅಲ್ವಾ?

ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಶಿಮಾನೊದ ಟಿಯಾಗ್ರಾ ಸರಣಿಯಲ್ಲಿ 4600 ಹಳೇ ಕುಟುಂಬದ 10 ಸ್ಪೀಡ್. ಟಿಯಾಗ್ರಾ 4700 ಕೂಡ 10 ಸ್ಪೀಡೇ, ಆದರೆ ಅದರ ಕೇಬಲ್ ಲೆಕ್ಕ 11 ಸ್ಪೀಡ್ ಕುಟುಂಬದ್ದು. 4600 ಶಿಫ್ಟರ್‌ಗೆ 4700 ಡಿರೇಲರ್ ಹಾಕಿದರೆ ಮೇಲೆ ಹೇಳಿದ ಆರೂವರೆ ಮಿಲಿಮೀಟರ್ ಸಮಸ್ಯೆಯೇ ಬರುತ್ತದೆ. ಶಿಮಾನೊದ ಹಳೇ 105 ಸರಣಿಯ 5600, 5700 ಮತ್ತು ಅಲ್ಟೆಗ್ರಾ ಸರಣಿಯ 6600, 6700 ಇವೆಲ್ಲ 4600ರ ಜೊತೆಯವು. ಕ್ಯಾಸೆಟ್ ಮತ್ತು ಚೈನ್ ಮಾತ್ರ ಎರಡಕ್ಕೂ ಒಂದೇ.

ಮಾರುವವರು "ಟಿಯಾಗ್ರಾ, 10 ಸ್ಪೀಡ್, ಗುಡ್ ಕಂಡೀಷನ್" ಅಂತಷ್ಟೇ ಹಾಕಿರುತ್ತಾರೆ. ಹಿಂಬದಿಯ ನಂಬರ್‌ನ ಫೋಟೊ ಕೇಳಿ. ಕಳಿಸದಿದ್ದರೆ ಕೊಳ್ಳಬೇಡಿ.

ನನ್ನದು 9 ಸ್ಪೀಡ್, ಹಿಂದೆ 11-25 (11ರಿಂದ 25 ಹಲ್ಲಿನ) ಕ್ಯಾಸೆಟ್. ಮುಳ್ಳಯ್ಯನಗಿರಿ ದಾರಿಯಲ್ಲಿ ಕೈಮರ ದಾಟಿದ ಮೇಲೆ ಮೊಣಕಾಲು ನೋಯುತ್ತದೆ. 11 ಸ್ಪೀಡ್‌ಗೆ ಹೋಗಲಾ?

ಬೇಡ. ನಿಮಗೆ ಬೇಕಾಗಿರುವುದು ಹೆಚ್ಚು ಗೇರ್ ಅಲ್ಲ, ಹಗುರ ಗೇರ್. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಅಪ್‌ಗ್ರೇಡ್‌ಗೆ ಖರ್ಚಾಗುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಒಂದು ತಪ್ಪು ತಿಳುವಳಿಕೆಯಿಂದ ಹೋಗುತ್ತದೆ.

ಚಿಕ್ಕಮಗಳೂರು ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರ. ನಡುವಿನ 840 ಮೀಟರ್‌ನಲ್ಲಿ ಹೆಚ್ಚಿನ ಏರು ಕೈಮರದ ನಂತರ ಬರುತ್ತದೆ. ಹೇರ್‌ಪಿನ್ ತಿರುವುಗಳ ಒಳಮೈಯಲ್ಲಿ ರಸ್ತೆ ಇದ್ದಕ್ಕಿದ್ದಂತೆ ಕಡಿದಾಗುತ್ತದೆ. ಎದುರಿಂದ ಜೀಪ್ ಬಂದರೆ ಆ ಒಳಮೈಯಲ್ಲೇ ಹತ್ತಬೇಕು, ಬೇರೆ ದಾರಿ ಇಲ್ಲ.

ಈಗ ಲೆಕ್ಕ ನೋಡಿ. ರೋಡ್ ಟೈರ್ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಮುಂದೆ 39, ಹಿಂದೆ 25 ಹಲ್ಲು ಇದ್ದರೆ ನಿಮಿಷಕ್ಕೆ 60 ಸಲ ಪೆಡಲ್ ಸುತ್ತಿಸಿದಾಗ ಗಂಟೆಗೆ 11.8 ಕಿ.ಮೀ. ವೇಗ ಬರುತ್ತದೆ. ಅಂದರೆ ಅದಕ್ಕಿಂತ ನಿಧಾನ ಆದರೆ ಕಾಲು ತುಳಿಯುತ್ತಿಲ್ಲ, ತಳ್ಳುತ್ತಿದೆ ಅಂತಲೇ ಅರ್ಥ. ಮುಂದೆ 34, ಹಿಂದೆ 28 ಇದ್ದರೆ ಅದೇ 60 ಸುತ್ತಿಗೆ 9.2 ಕಿ.ಮೀ. ಮುಂದೆ 34, ಹಿಂದೆಯೂ 34 ಇದ್ದರೆ 7.6. ಕಡಿದಾದ ತಿರುವಿನಲ್ಲಿ ನಮ್ಮಂಥವರ ವೇಗ ಇರುವುದೇ ಈ ಏಳೂವರೆಯ ಆಸುಪಾಸಿನಲ್ಲಿ. ಮೊಣಕಾಲಿನ ನೋವಿಗೆ ಮದ್ದು ಆ 34 ಹಲ್ಲಿನಲ್ಲಿದೆ.

9 ಸ್ಪೀಡ್‌ನಲ್ಲೇ ಇದನ್ನು ಸಾಧಿಸುವುದು ಸುಲಭ. 11-34ರ 9 ಸ್ಪೀಡ್ ಕ್ಯಾಸೆಟ್ ಸಿಗುತ್ತದೆ. ಅದನ್ನು ತಾಳುವ ಡಿರೇಲರ್‌ಗೆ ಎಂಟಿಬಿ (ಮೌಂಟನ್ ಬೈಕ್) ಕಡೆ ನೋಡಿ: 9 ಸ್ಪೀಡ್‌ನ ಡಿಯೋರ್ ಅಥವಾ ಅಲಿವಿಯೊ. ಇವುಗಳ ಪಟ್ಟು ಕೂಡ 1.7. ಹಾಗಾಗಿ ನಿಮ್ಮ 9 ಸ್ಪೀಡ್ ರೋಡ್ ಶಿಫ್ಟರ್ ಜೊತೆ ಹೊಂದುತ್ತವೆ. ಹಳೇ ಕುಟುಂಬದ 10 ಸ್ಪೀಡ್ ಶಿಫ್ಟರ್ ಜೊತೆಗೂ ಇದೇ 9 ಸ್ಪೀಡ್ ಎಂಟಿಬಿ ಡಿರೇಲರ್ ಕೆಲಸ ಮಾಡುತ್ತದೆ. ಆದರೆ 10 ಸ್ಪೀಡ್ ಎಂಟಿಬಿ ಡಿರೇಲರ್ ತರಬೇಡಿ. ಅದರ ಪಟ್ಟು 1.2ರ ಹತ್ತಿರ. ಕೇಳಲು ವಿಚಿತ್ರ, ಆದರೆ 10ಕ್ಕೆ 10 ಹೊಂದದು, 9 ಹೊಂದುತ್ತದೆ.

ಮುಂದೆ 39ರ ಬದಲು 34 ಬೇಕಾದರೆ ಕಾಂಪ್ಯಾಕ್ಟ್ ಕ್ರ್ಯಾಂಕ್ ಬೇಕು, ಅಂದರೆ 50/34. ಹಳೇ 53/39 ಕ್ರ್ಯಾಂಕ್‌ನ ರಿಂಗ್ ಕೂರಿಸುವ ಬೋಲ್ಟ್‌ಗಳ ವೃತ್ತ ದೊಡ್ಡದು, ಅದಕ್ಕೆ 34 ರಿಂಗ್ ಕೂರುವುದಿಲ್ಲ.

ಕಡೂರು, ಬೀರೂರು ಕಡೆ ಬಯಲಲ್ಲಿ ಅಥವಾ ಹಾಸನ–ಬೇಲೂರು ರಸ್ತೆಯಲ್ಲಿ ಮಾತ್ರ ಓಡಿಸುವವರಿಗೆ ಇದು ಯಾವುದೂ ಬೇಡ. 11-28 ಸಾಕು.

ನನ್ನ ಡಿರೇಲರ್ ಎಷ್ಟು ಹಲ್ಲಿನವರೆಗೆ ತಾಳುತ್ತದೆ?

ಎರಡು ಮಿತಿ ನೋಡಬೇಕು. ಒಂದು, ಅತಿ ದೊಡ್ಡ ಸ್ಪ್ರಾಕೆಟ್. ಇನ್ನೊಂದು, ಒಟ್ಟು ಸಾಮರ್ಥ್ಯ, ಅಂದರೆ ಸಡಿಲ ಚೈನನ್ನು ಎಷ್ಟು ಎಳೆದು ಹಿಡಿಯುತ್ತದೆ ಅನ್ನುವುದು. ಸಾಮರ್ಥ್ಯದ ಲೆಕ್ಕ ಹೀಗೆ: ಮುಂದಿನ ಎರಡು ರಿಂಗ್‌ಗಳ ವ್ಯತ್ಯಾಸಕ್ಕೆ ಹಿಂದಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಸ್ಪ್ರಾಕೆಟ್‌ಗಳ ವ್ಯತ್ಯಾಸ ಸೇರಿಸಿ. 50/34ಕ್ಕೆ 16. 11-34ಕ್ಕೆ 23. ಒಟ್ಟು 39. 105 ಆರ್7000 ಡಿರೇಲರ್‌ನ ಉದ್ದ ಕೇಜ್ (ಚೈನ್ ಹಾದುಹೋಗುವ ಕೆಳಗಿನ ತೋಳು) 34 ಹಲ್ಲು ತಾಳುತ್ತದೆ, ಸಾಮರ್ಥ್ಯ ಸರಿಯಾಗಿ 39. ಅದರ ಗಿಡ್ಡ ಕೇಜ್‌ಗೆ ಮಿತಿ 30 ಹಲ್ಲು, ಸಾಮರ್ಥ್ಯ 35.

ಕಂಪನಿ ಹೇಳಿದ್ದಕ್ಕಿಂತ ಎರಡು ಹಲ್ಲು ಜಾಸ್ತಿ ಹಾಕಿ ಓಡಿಸುವವರು ಇದ್ದಾರೆ. ಡಿರೇಲರನ್ನು ಸ್ಪ್ರಾಕೆಟ್‌ನಿಂದ ದೂರ ಇಡುವ ಬಿ-ಸ್ಕ್ರೂ ಬಿಗಿ ಮಾಡಿದರೆ ಕೆಲವು ಸೈಕಲ್‌ಗಳಲ್ಲಿ ನಡೆಯುತ್ತದೆ. ಹ್ಯಾಂಗರ್ (ಫ್ರೇಮ್‌ನಲ್ಲಿ ಡಿರೇಲರ್ ತೂಗುವ ಲೋಹದ ತುಂಡು) ಕೆಳಗೆ ಸಿಕ್ಕಿಸುವ ವುಲ್ಫ್ ಟೂತ್ ರೋಡ್‌ಲಿಂಕ್ ಅನ್ನುವ ಚಿಕ್ಕ ತುಂಡೂ ಇದಕ್ಕೇ ಇದೆ. ಚೈನ್ ಗಿಡ್ಡ ಆಗದಂತೆ ಮಾತ್ರ ನೋಡಿ. ದೊಡ್ಡ ರಿಂಗ್, ದೊಡ್ಡ ಸ್ಪ್ರಾಕೆಟ್ ಎರಡರ ಮೇಲೆ ಡಿರೇಲರ್ ಬಿಟ್ಟು ಚೈನ್ ಸುತ್ತಿ, ಅದಕ್ಕೆ ಎರಡು ಲಿಂಕ್ ಸೇರಿಸಿ ಕತ್ತರಿಸಿ. ಗಿಡ್ಡ ಚೈನ್ ಇರುವಾಗ ಮರೆತು ದೊಡ್ಡದಕ್ಕೆ ದೊಡ್ಡದು ಹಾಕಿದರೆ ಹ್ಯಾಂಗರ್ ಮುರಿಯಬಹುದು. ಕೊಟ್ಟಿಗೆಹಾರದ ಮಂಜಿನಲ್ಲಿ ಅದು ಆದರೆ ಮೂಡಿಗೆರೆವರೆಗೆ ಸೈಕಲ್ ತಳ್ಳಿಕೊಂಡೇ ಬರಬೇಕು.

11 ಸ್ಪೀಡ್ ಚಕ್ರಕ್ಕೆ ನನ್ನ ಹಳೇ ಕ್ಯಾಸೆಟ್ ಹಾಕಬಹುದಾ?

ಹಾಕಬಹುದು, ಒಂದು ಸ್ಪೇಸರ್ ಬೇಕು. 11 ಸ್ಪೀಡ್ ರೋಡ್ ಫ್ರೀಹಬ್ (ಹಿಂಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಹಳೇದಕ್ಕಿಂತ 1.85 ಮಿ.ಮೀ. ಉದ್ದ. ಅಷ್ಟೇ ದಪ್ಪದ ಸ್ಪೇಸರ್ ಅನ್ನು ಮೊದಲು, ಅಂದರೆ ಕಡ್ಡಿಗಳ ಕಡೆಗೆ ಹಾಕಿ, ಆಮೇಲೆ ಕ್ಯಾಸೆಟ್ ಕೂರಿಸಿ. ಶಿಮಾನೊದ ಬಹಳಷ್ಟು 10 ಸ್ಪೀಡ್ ರೋಡ್ ಕ್ಯಾಸೆಟ್‌ಗಳಿಗೆ ಇದರ ಜೊತೆ ಇನ್ನೊಂದು 1 ಮಿ.ಮೀ. ಸ್ಪೇಸರ್ ಬೇಕು. ಅದು ಕ್ಯಾಸೆಟ್ ಡಬ್ಬಿಯಲ್ಲೇ ಬರುತ್ತದೆ, ಹಳೇ ಚಕ್ರದಲ್ಲೇ ಉಳಿದಿರಬಹುದು, ಹುಡುಕಿ.

ಸ್ಪೇಸರ್ ಬಿಟ್ಟಿದ್ದೀರಾ ಅಂತ ಗೊತ್ತಾಗುವುದು ಸುಲಭ. ಕ್ಯಾಸೆಟ್ ಹಿಡಿಯುವ ಲಾಕ್‌ರಿಂಗ್ ಪೂರ್ತಿ ಬಿಗಿ ಮಾಡಿದ ಮೇಲೂ ದೊಡ್ಡ ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ.

ತಿರುಗಾಮುರುಗಾ ಕಷ್ಟ. 11 ಸ್ಪೀಡ್ ರೋಡ್ ಕ್ಯಾಸೆಟ್ ಹಳೇ 8/9/10 ಫ್ರೀಹಬ್‌ಗೆ ಕೂರುವುದಿಲ್ಲ. ಶಿಮಾನೊದ 11-34ರ 11 ಸ್ಪೀಡ್ ಕ್ಯಾಸೆಟ್ ಮಾತ್ರ ಹಳೇ ಹಬ್‌ಗೂ ಕೂರುತ್ತದೆ, ಅದರ ದೊಡ್ಡ ಸ್ಪ್ರಾಕೆಟ್‌ಗಳು ಕಡ್ಡಿಗಳ ಮೇಲೆ ಚಾಚುವಂತೆ ಮಾಡಿದ್ದಾರೆ. ಹಳೇ ಚಕ್ರ ಇಟ್ಟುಕೊಂಡು 11 ಸ್ಪೀಡ್‌ಗೆ ಹೋಗುವ ಮಲೆನಾಡಿನವರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ.

ಚೈನ್ ಯಾವುದು ಹಾಕಲಿ?

ಕ್ಯಾಸೆಟ್‌ನ ಸ್ಪೀಡ್ ನೋಡಿ ಹಾಕಿ. ಕೊಂಡಿಯ ಉದ್ದ ಎಲ್ಲದಕ್ಕೂ ಒಂದೇ, 12.7 ಮಿ.ಮೀ. ಬದಲಾಗುವುದು ಹೊರಗಿನ ಅಗಲ. 8 ಸ್ಪೀಡ್‌ಗೆ ಸುಮಾರು 7.1, 9ಕ್ಕೆ 6.6, 10ಕ್ಕೆ 5.9, 11ಕ್ಕೆ 5.5 ಮಿ.ಮೀ. ಅಗಲದ ಚೈನ್ ಇಕ್ಕಟ್ಟಾದ ಕ್ಯಾಸೆಟ್‌ನಲ್ಲಿ ಪಕ್ಕದ ಸ್ಪ್ರಾಕೆಟ್‌ಗೆ ಉಜ್ಜುತ್ತದೆ. ಒಂದು ಹಂತ ಸಣ್ಣ ಚೈನ್ ಸಾಮಾನ್ಯವಾಗಿ ನಡೆಯುತ್ತದೆ, 8 ಸ್ಪೀಡ್‌ಗೆ 9ರ ಚೈನ್ ಹಾಗೆ. ಚೈನ್‌ನ ಎರಡು ತುದಿ ಜೋಡಿಸುವ ಕ್ವಿಕ್ ಲಿಂಕ್ ಕೂಡ ಚೈನ್‌ನ ಸ್ಪೀಡ್‌ನದೇ ಇರಬೇಕು.

ಹೊಸ ಚೈನ್ ಹಾಕಿದ ಮೇಲೆ ಏರಿನಲ್ಲಿ ಎದ್ದು ತುಳಿದರೆ ಜಾರುತ್ತದೆ.

ಕ್ಯಾಸೆಟ್ ಸವೆದಿದೆ. ಹಳೇ ಚೈನ್ ಜೊತೆ ಅದೂ ಸವೆದಿದ್ದರಿಂದ ಇಷ್ಟು ದಿನ ಗೊತ್ತಾಗಲಿಲ್ಲ. ಸ್ಕೇಲ್‌ನಲ್ಲಿ 12 ಇಂಚು ಅಳೆಯಿರಿ, ಒಂದು ಪಿನ್ನಿನ ಮಧ್ಯದಿಂದ ಶುರು ಮಾಡಿ. ಹೊಸ ಚೈನ್‌ನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರುತ್ತದೆ. ಆ ಪಿನ್ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಕ್ಯಾಸೆಟ್‌ಗೂ ದುಡ್ಡು ಎತ್ತಿಡಿ. ಸೆಕೆಂಡ್‌ಹ್ಯಾಂಡ್ ಕ್ಯಾಸೆಟ್ ಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಡಿರೇಲರ್, ಕ್ರ್ಯಾಂಕ್, ಶಿಫ್ಟರ್ ಹಳೇದಾದರೂ ಸರಿ, ಚೈನ್ ಮತ್ತು ಕ್ಯಾಸೆಟ್ ಹೊಸದಿರಲಿ.

ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈನಲ್ಲಿ ಗೇರ್ ಬೀಳುತ್ತಲೇ ಇಲ್ಲ. ಪಾರ್ಟ್ಸ್ ಬೆರೆಸಿದ್ದಕ್ಕಾ?

ಬಹುಶಃ ಕೇಬಲ್. ನಮ್ಮ ಮಳೆಗಾಲದಲ್ಲಿ ಕೆಮ್ಮಣ್ಣಿನ ನೀರು ಹೊರಕವಚದೊಳಗೆ ಇಳಿದು ಒಣಗುತ್ತದೆ. ಚಿಕ್ಕ ಸ್ಪ್ರಾಕೆಟ್ ಕಡೆ ಬರಲು ತಡ ಮಾಡಿದರೆ ಕೇಬಲ್ ಬಿಗಿಯುತ್ತಿದೆ ಅಂತಲೇ ತಿಳಿಯಿರಿ, ಯಾಕೆಂದರೆ ಆ ಕಡೆ ಎಳೆಯುವುದು ಡಿರೇಲರ್‌ನ ಸ್ಪ್ರಿಂಗ್ ಮಾತ್ರ. ಹಳೇ 10 ಸ್ಪೀಡ್ ಇದಕ್ಕೆ ಬೇಗ ಸಿಕ್ಕಿಹಾಕಿಕೊಳ್ಳುತ್ತದೆ. ಟಕ್ಕಿಗೆ ಬರೀ 2.3 ಮಿ.ಮೀ. ಎಳೆತ ಅಲ್ವಾ, ಸ್ವಲ್ಪ ಬಿಗಿತ ಬಂದರೂ ಲೆಕ್ಕ ತಪ್ಪುತ್ತದೆ. ಕೇಬಲ್ ಮತ್ತು ಕವಚ ಎರಡನ್ನೂ ಬದಲಿಸಿ. ಗೇರ್‌ಗೆ ಗೇರ್ ಕವಚವೇ ಬೇಕು. ಬ್ರೇಕ್ ಕವಚ ಒತ್ತಡಕ್ಕೆ ಕುಗ್ಗುತ್ತದೆ, ಅದರಲ್ಲಿ ಇಂಡೆಕ್ಸಿಂಗ್ (ಒಂದು ಟಕ್ಕಿಗೆ ಸರಿಯಾಗಿ ಒಂದು ಗೇರ್ ಬೀಳುವುದು) ನಿಲ್ಲುವುದಿಲ್ಲ.

ಹಳೇ ಶಿಫ್ಟರ್‌ನೊಳಗೆ ಗ್ರೀಸ್ ಗಟ್ಟಿಯಾಗಿ ಲಿವರ್ ಸುಮ್ನೆ ಓಡಾಡಿದರೆ ಎಸೆಯಬೇಡಿ. ಗ್ರೀಸ್ ಕರಗಿಸುವ ಸ್ಪ್ರೇ ಹೊಡೆದು, ಸಾವಧಾನವಾಗಿ ನೂರು ಸಲ ಒತ್ತಿ. ಬಹಳಷ್ಟು ಬದುಕುತ್ತವೆ. ಆಮೇಲೆ ತೆಳು ಎಣ್ಣೆ ಹಾಕಿ.

ಮುಂದಿನ ಡಿರೇಲರ್?

ಎಡಗೈ ಶಿಫ್ಟರ್ ಮತ್ತು ಮುಂದಿನ ಡಿರೇಲರ್ ಒಂದೇ ಪೀಳಿಗೆಯವು ಇರಲಿ. ಇಲ್ಲಿ ಪ್ರಯೋಗ ಮಾಡಿ ಗೆದ್ದವರು ಕಡಿಮೆ. ಕ್ರ್ಯಾಂಕ್ ಮಾತ್ರ 10ರದ್ದಕ್ಕೆ 11ರ ಚೈನ್ ಹಾಕಿದರೂ ಸಾಮಾನ್ಯವಾಗಿ ನಡೆಯುತ್ತದೆ.

ಶಿಫ್ಟರ್ ಬದಲಿಸಿದರೆ ಬ್ರೇಕ್‌ಗೆ ಏನಾದರೂ ಆಗುತ್ತದಾ?

ಆಗುತ್ತದೆ, ಇದನ್ನು ಮರೆಯಬೇಡಿ. ರೋಡ್ ಸೈಕಲ್‌ನಲ್ಲಿ ಬ್ರೇಕ್ ಲಿವರ್ ಶಿಫ್ಟರ್ ಜೊತೆಗೇ ಇರುತ್ತದೆ. ಹೊಸ ಪೀಳಿಗೆಯ ಶಿಮಾನೊ ಲಿವರ್ ಹಳೇದಕ್ಕಿಂತ ಜಾಸ್ತಿ ಬ್ರೇಕ್ ಕೇಬಲ್ ಎಳೆಯುತ್ತದೆ. ಜಾಸ್ತಿ ಎಳೆದರೆ ಬಲ ಕಡಿಮೆ. ಹಳೇ ಕ್ಯಾಲಿಪರ್ (ರಿಮ್ ಹಿಡಿಯುವ ಬ್ರೇಕ್ ತೋಳು) ಜೊತೆ ಹಾಕಿದರೆ ಬ್ರೇಕ್ ಮೆತ್ತಗಾಗುತ್ತದೆ. ಬಯಲಲ್ಲಿ ಗೊತ್ತಾಗದೆ ಇರಬಹುದು. ಚಾರ್ಮಾಡಿ ಇಳಿಯುವಾಗ, ಒದ್ದೆ ರಸ್ತೆ, ಹಿಂದೆ ಲಾರಿ ಇರುವಾಗ ಖಂಡಿತ ಗೊತ್ತಾಗುತ್ತದೆ. ಲಿವರ್ ಹೊಸದಾದರೆ ಕ್ಯಾಲಿಪರ್ ಕೂಡ ಅದೇ ಪೀಳಿಗೆಯದು ಹಾಕಿ.

ಶಿಮಾನೊ ಜೊತೆ ಸ್ರಾಮ್, ಕ್ಯಾಂಪಗ್ನೋಲೊ, ಮೈಕ್ರೋಶಿಫ್ಟ್ ಬೆರೆಸಬಹುದಾ?

ಸ್ರಾಮ್‌ನ 8ರಿಂದ 10 ಸ್ಪೀಡ್ ಕ್ಯಾಸೆಟ್, ಚೈನ್ ಶಿಮಾನೊ ಜೊತೆ ಧಾರಾಳವಾಗಿ ನಡೆಯುತ್ತವೆ. ಸ್ರಾಮ್ ರೋಡ್ ಶಿಫ್ಟರ್‌ಗೆ ಶಿಮಾನೊ ಡಿರೇಲರ್ ನಡೆಯದು, ಎಳೆತ ಬೇರೆ. ಸ್ರಾಮ್ 10 ಸ್ಪೀಡ್ ರೋಡ್ ಶಿಫ್ಟರ್ ಇದ್ದವರಿಗೆ ಒಂದು ಅನುಕೂಲ: ಅವರದೇ 10 ಸ್ಪೀಡ್ ಎಂಟಿಬಿ ಡಿರೇಲರ್ ನೇರವಾಗಿ ಹೊಂದುತ್ತದೆ. ಕ್ಯಾಂಪಗ್ನೋಲೊ ಫ್ರೀಹಬ್‌ನ ಕಚ್ಚುಗಳೇ ಬೇರೆ ಆಕಾರ, ಶಿಮಾನೊ ಕ್ಯಾಸೆಟ್ ಅದಕ್ಕೆ ಕೂರದು. ಮೈಕ್ರೋಶಿಫ್ಟ್‌ನ ಆರ್8, ಆರ್9, ಆರ್10 ಶಿಫ್ಟರ್‌ಗಳನ್ನು ಶಿಮಾನೊ ಹಳೇ ಕುಟುಂಬದ ಲೆಕ್ಕಕ್ಕೇ ಮಾಡಿದ್ದಾರೆ. ಅವರ ಅಡ್ವೆಂಟ್ ಎಕ್ಸ್ ಹಾಗಲ್ಲ, ಅದರ ಶಿಫ್ಟರ್ ಮತ್ತು ಡಿರೇಲರ್ ಜೋಡಿಯಾಗಿಯೇ ಕೊಳ್ಳಬೇಕು.

ನನ್ನದು ಶಿಮಾನೊದ 7 ಸ್ಪೀಡ್ ಟೂರ್ನಿ. 9 ಮಾಡಬಹುದಾ?

ಮೊದಲು ಹಿಂದೆ ಇರುವುದು ಕ್ಯಾಸೆಟ್ಟಾ, ಹಬ್‌ಗೆ ತಿರುಪಿ ಕೂರಿಸುವ ಫ್ರೀವೀಲಾ ನೋಡಿ. ಕಡಿಮೆ ಬೆಲೆಯ ಬಹಳಷ್ಟು ಸೈಕಲ್‌ಗಳಲ್ಲಿ ಫ್ರೀವೀಲ್ ಇರುತ್ತದೆ. ಆಗ ಹಿಂದಿನ ಚಕ್ರವೇ ಬದಲಾಗಬೇಕು, ಜೊತೆಗೆ ಶಿಫ್ಟರ್, ಚೈನ್. ಲೆಕ್ಕ ಹಾಕಿದರೆ ಒಳ್ಳೇ ಸೆಕೆಂಡ್‌ಹ್ಯಾಂಡ್ 9 ಸ್ಪೀಡ್ ಸೈಕಲ್‌ನ ಬೆಲೆ ಹತ್ತಿರ ಬರುತ್ತದೆ. ದೊಡ್ಡ ಹಲ್ಲಿನ 7 ಸ್ಪೀಡ್ ಫ್ರೀವೀಲ್ ಹಾಕಿ ಓಡಿಸಿ ಅಂತಲೇ ನನ್ನ ಸಲಹೆ. ಹಳೇ ಸ್ಟೀಲ್ ಫ್ರೇಮ್ ಇದ್ದವರು ಹಿಂಚಕ್ರ ಕೂರುವ ಜಾಗದ ಅಂತರವನ್ನೂ ಅಳೆಯಿರಿ: 126 ಮಿ.ಮೀ. ಇದ್ದರೆ ನಂತರ ಬಂದ 130ರ ಹಬ್‌ಗೆ ಸ್ಟೀಲ್ ಅನ್ನು ಅಗಲ ಮಾಡಬಹುದು. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮ್‌ಗೆ ಇದನ್ನು ಮಾಡಲೇಬೇಡಿ.

12 ಸ್ಪೀಡ್‌ದು ಯಾವುದಾದರೂ ಬಳಸಬಹುದಾ?

ಶಿಮಾನೊ 12 ಸ್ಪೀಡ್ ರೋಡ್ ಕ್ಯಾಸೆಟ್ 11 ಸ್ಪೀಡ್ ಫ್ರೀಹಬ್‌ಗೆ ಕೂರುತ್ತದೆ, ಹಾಗಾಗಿ ಚಕ್ರ ಉಳಿಯುತ್ತದೆ. ಶಿಫ್ಟರ್, ಡಿರೇಲರ್ ಬೆರೆಸುವ ಯೋಚನೆ ಬಿಡಿ.

ಎಲ್ಲ ಜೋಡಿಸಿದೆ. ದೂರದ ರೈಡ್‌ಗೆ ಮೊದಲು ಏನು ನೋಡಲಿ?

ಹ್ಯಾಂಗರ್ ನೇರ ಇದೆಯಾ ನೋಡಿ. ಹಿಂದಿನಿಂದ ಕೂತು ನೋಡಿದರೆ ಡಿರೇಲರ್‌ನ ಎರಡು ಚಿಕ್ಕ ಜಾಕಿ ಚಕ್ರಗಳು ಸ್ಪ್ರಾಕೆಟ್‌ಗೆ ಸಮಾನಾಂತರ ಕಾಣಬೇಕು. ಆಮೇಲೆ ಕೇಬಲ್ ಬಿಚ್ಚಿಯೇ ಎರಡೂ ಲಿಮಿಟ್ ಸ್ಕ್ರೂ (ಡಿರೇಲರ್ ಮಿತಿ ದಾಟದಂತೆ ತಡೆಯುವವು) ಸರಿ ಮಾಡಿ, ಕಡ್ಡಿಗಳ ಕಡೆಯದು ವಿಶೇಷವಾಗಿ. ಡಿರೇಲರನ್ನು ಕೈಯಲ್ಲಿ ಒಳಕ್ಕೆ ಎಷ್ಟು ತಳ್ಳಿದರೂ ಚೈನ್ ದೊಡ್ಡ ಸ್ಪ್ರಾಕೆಟ್ ದಾಟಬಾರದು. ನಂತರ ಕೇಬಲ್ ಕಟ್ಟಿ ಇಂಡೆಕ್ಸಿಂಗ್ ಮಾಡಿ.

ಸ್ಟ್ಯಾಂಡಿನಲ್ಲಿ ಸರಿ ಇದ್ದದ್ದು ಭಾರ ಬಿದ್ದಾಗ ಕೆಡುವುದುಂಟು. ಮನೆ ಹತ್ತಿರದ ಒಂದು ಚಿಕ್ಕ ಏರಿನಲ್ಲಿ ಅತಿ ಹಗುರ ಗೇರ್ ಹಾಕಿ, ಎದ್ದು ನಿಂತು ತುಳಿಯಿರಿ. ಪಕ್ಕದ ಎರಡು ಗೇರ್‌ಗೆ ಹೋಗಿ ಬನ್ನಿ. ಜಾರಲಿಲ್ಲ, ಸದ್ದಿಲ್ಲ ಅಂದರೆ ಆಲ್ದೂರಿನವರೆಗೆ ಹೋಗಿ ಬನ್ನಿ, ಐದು ಎಂಎಂ ಅಲೆನ್ ಕೀ ಜೇಬಿನಲ್ಲಿರಲಿ. ಹೊಸ ಕೇಬಲ್ ಮೊದಲ ಕೆಲವು ದಿನ ಸ್ವಲ್ಪ ಸಡಿಲವಾಗುತ್ತದೆ. ಗೇರ್ ದೊಡ್ಡ ಸ್ಪ್ರಾಕೆಟ್ ಕಡೆ ಏರಲು ತಡ ಮಾಡಿದರೆ ಬ್ಯಾರೆಲ್ ಅಡ್ಜಸ್ಟರನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ.